ಬೆಟ್ಟದ ಏರಿನಲ್ಲಿ ಪ್ಲಗ್ ಓದುವುದು

ಓದುವ ಚಟ ಅಂದರೆ ಪುಸ್ತಕದ ಚಟವೆಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಕೆಲವರು ಅಂಗೈ ಓದುತ್ತಾರೆ, ಕೆಲವರು ಜಾತಕ ಓದುತ್ತಾರೆ. ಕುಂಬಾರಕೊಪ್ಪಲಿನ ನಮ್ಮ ಪಕ್ಕದ ಮನೆಯವರು ಪೇಪರಿನಲ್ಲಿ ಶ್ರದ್ಧಾಂಜಲಿಯ ಪುಟ ಬಿಟ್ಟು ಬೇರೇನನ್ನೂ ಓದುತ್ತಿರಲಿಲ್ಲ. ತೊಂಬತ್ತರ ದಶಕದ ಒಂದು ಆಷಾಢದಲ್ಲಿ ನಾನು ಓದುತ್ತಿದ್ದದ್ದು ಸ್ಪಾರ್ಕ್ ಪ್ಲಗ್ಗನ್ನು. ಬೆರಳುದ್ದದ ಈ ವಸ್ತು ಬೈಕಿನ ಎಂಜಿನ್ನಿನ ತಲೆಯ ಮೇಲೆ ಕೂತು ಒಳಗೆ ಕಿಡಿ ಹಾರಿಸುತ್ತಿರುತ್ತದೆ. ಬಿಚ್ಚಿ ಅದರ ತುದಿಯನ್ನು ನೋಡಿದರೆ ಒಳಗಿನ ಸಮಾಚಾರವೆಲ್ಲ ತಿಳಿಯುತ್ತದೆ. ಮಸಿಯಂತೆ ಕಪ್ಪಗಿದ್ದರೆ ಪೆಟ್ರೋಲು ಜಾಸ್ತಿ, ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಬಿಸ್ಕತ್ತಿನ ಬಣ್ಣವಿದ್ದರೆ ಎರಡೂ ಹದ. ಎಷ್ಟೋ ಮನುಷ್ಯರು ಜೀವಮಾನವಿಡೀ ಹೇಳದೆ ಉಳಿಸಿಕೊಳ್ಳುವ ಸತ್ಯವನ್ನು ಇದು ಒಂದು ಸ್ಪ್ಯಾನರಿಗೆ ಹೇಳಿಬಿಡುತ್ತದಲ್ಲ ಎಂದು ನನಗೆ ಬೆರಗು.

ಈ ವಿದ್ಯೆಗೆ ನಾನು ಬಿದ್ದದ್ದು ಬೈಕನ್ನು ಉಳಿಸಿಕೊಳ್ಳಲಿಕ್ಕೆ. ಹೂಟಗಳ್ಳಿಯ ಕಾರ್ಖಾನೆಗೆ ನನ್ನನ್ನು ದಿನವೂ ಮುಟ್ಟಿಸುತ್ತಿದ್ದ ಆ ಹಳೆಯ ಗಾಡಿಗೆ ಸಪಾಟು ರಸ್ತೆಯಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ಏರು ಕಂಡರೆ ಮಾತ್ರ ಹೊಗೆ ಉಗುಳಿ, ಕೆಮ್ಮಿ, ನಿಂತುಬಿಡುತ್ತಿತ್ತು. ಹಿಂದಿನ ವರ್ಷದ ಆಷಾಢದಲ್ಲಿ ಚಾಮುಂಡಿ ಬೆಟ್ಟದ ಅರ್ಧ ದಾರಿಯಲ್ಲಿ ಹಾಗೆ ನಿಂತಾಗ ನನ್ನ ಹೆಂಡತಿ ಗಿರಿಜಾ ಉಳಿದ ದಾರಿಯನ್ನು ನಡೆದೇ ಹತ್ತಿದ್ದಳು. ಅವಳು ತವರಿನಲ್ಲಿ, ಅಗ್ರಹಾರದ ಓಣಿಗಳಲ್ಲಿ, ಅಪ್ಪನ ಬೈಕು ಓಡಿಸಿ ಕಲಿತವಳು. ಮದುವೆಯಾದ ಮೇಲೆ ಹಿಂದಿನ ಸೀಟಿಗೆ ಬಂದಿದ್ದಳು. ಮತ್ತೆ ಆಷಾಢ ಬಂದಾಗ, "ಈ ಸಲಾನೂ ನಡು ದಾರೀಲಿ ನಿಂತ್ರೆ ಮಾರ್ಬಿಡೋಣ ಕಣ್ರೀ. ನಂಗಂತೂ ಸಾಕಾಗಿದೆ," ಎಂದಳು. ಅವಳು ಕೂಗಾಡಿದರೆ ನನಗೆ ಧೈರ್ಯವಿರುತ್ತದೆ. ಇದನ್ನು ಮೆಲ್ಲಗೆ ಹೇಳಿದಳು. ಆ ಬೈಕಿಲ್ಲದ ನನ್ನನ್ನು ನೆನೆಸಿಕೊಂಡರೆ ನನಗೇ ಸಂಕಟವಾಗುತ್ತಿತ್ತು.

ಅಗ್ರಹಾರದಲ್ಲಿ ಗ್ಯಾರೇಜು ಇಟ್ಟಿದ್ದ ಶಿವಣ್ಣನ ಹತ್ತಿರ ಹೋದೆ. ಅವನು ಪ್ಲಗ್ ಬಿಚ್ಚಿದವನೇ ಮುಖ ಸಿಂಡರಿಸಿದ. "ನಿಂತ ಗಾಡೀಲಿ ಪ್ಲಗ್ ನೋಡಿದ್ರೆ ಸುಳ್ಳೇಳ್ತದೆ ಸಾ. ಏರು ಹತ್ತಿಸ್ತಾ, ಜೋರಾಗಿ ಎಳೀತಾ ಇರೋವಾಗ್ಲೇ ಎಂಜಿನ್ ಆಫ್ ಮಾಡ್ಬುಟ್ಟು, ಅಲ್ಲೇ ಬಿಚ್ಚಿ ನೋಡ್ಬೇಕು. ಹಿಂದ್ಗಡೆ ಭಾರಾನೂ ಇರ್ಬೇಕು," ಎಂದ. ಬಣ್ಣ ನೋಡಿಕೊಂಡು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಒಳಗಿನ ಸೂಜಿಯನ್ನು ಒಂದು ಗೀರು ಏರಿಸುವುದು, ಇಳಿಸುವುದು ಹೇಗೆಂದು ತೋರಿಸಿಕೊಟ್ಟ. ಈಗ ನನ್ನ ಪಾಡು ನೋಡಿ. ಬೈಕು ನಡುದಾರಿಯಲ್ಲಿ ನಿಲ್ಲಬಾರದು ಅಂದರೆ ಅದನ್ನು ನಡುದಾರಿಯಲ್ಲಿ ನಿಲ್ಲಿಸಬೇಕು. ಅದೂ ಗಿರಿಜಾಳನ್ನು ಹಿಂದೆ ಕೂರಿಸಿಕೊಂಡು.

ಅವಳು ತವರಿಗೆ ಹೋದ ದಿನ ನನ್ನ ಕಣ್ಣು ಹೊಸದಾಗಿ ತಂದಿದ್ದ ಅಕ್ಕಿಮೂಟೆಯ ಮೇಲೆ ಬಿತ್ತು. ಒಂದು ಮೂಟೆ ಗಿರಿಜಾಳಿಗೆ ಸಮವೋ, ಕಡಿಮೆಯೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಕೇಳುವಂಥದ್ದಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿ, ಮೂಟೆಯ ಮೇಲೊಂದು ರಾಗಿಯ ಚೀಲವನ್ನೂ ಹೇರಿ, ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದು ಬೆಟ್ಟಕ್ಕೆ ಹೊರಟೆ. ನಂದಿಯ ಕಡೆಗೆ ತಿರುಗುವ ಹತ್ತಿರ ಎಂಜಿನ್ ಆಫ್ ಮಾಡಿ, ಕ್ಲಚ್ ಹಿಡಿದು ನಿಲ್ಲಿಸಿದೆ. ಕೈ ಸುಟ್ಟುಕೊಂಡು ಪ್ಲಗ್ ಬಿಚ್ಚಿದೆ. ಕಪ್ಪು. ಸೂಜಿಯನ್ನು ಒಂದು ಗೀರು ಇಳಿಸಿ ಇನ್ನೇನು ಮತ್ತೆ ಹೊರಡಬೇಕು, ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಆಷಾಢ ಶುಕ್ರವಾರದ ಪ್ರಸಾದಕ್ಕೆ ಸಾಮಾನು ಸಾಗಿಸುತ್ತಿದ್ದ ಭಕ್ತರು. ಮೀಸೆಯ ಹಿರಿಯರೊಬ್ಬರು ಇಳಿದು, ಮೂಟೆಯನ್ನೂ ನನ್ನ ಮಸಿ ಕೈಯನ್ನೂ ನೋಡಿದರು. "ತಾಯಿ ಸೇವೆಗೆ ಅಂತ ಹೊತ್ಕಂಡ್ ಬಂದ್ರಿ, ಗಾಡಿ ಕೈ ಕೊಟ್ಬುಡ್ತಾ? ಯೋಚ್ನೆ ಮಾಡ್ಬೇಡಿ ಸಾ, ನಾವ್ ತಲುಪಿಸ್ತೀವಿ," ಎಂದರು. ನಾನು ಬಾಯಿ ತೆರೆಯುವುದರೊಳಗೆ ಹಗ್ಗ ಬಿಚ್ಚಿ ಅಕ್ಕಿ, ರಾಗಿ ಎರಡೂ ಜೀಪು ಸೇರಿದವು, ನನ್ನ ಹಣೆಗೆ ಕುಂಕುಮ ಸೇರಿತು. ದೇವರ ಬೆಟ್ಟದಲ್ಲಿ ನಿಂತು, ಇದು ಸೇವೆಯ ಅಕ್ಕಿಯಲ್ಲ, ಹೆಂಡತಿಯ ಬದಲಿಗೆ ತಂದದ್ದು ಎಂದು ಹೇಗೆ ಹೇಳುವುದು? ಕೈಮುಗಿದೆ. ಸಂಜೆ ಗಿರಿಜಾ ತವರಿನಿಂದ ಬಂದು ಅಕ್ಕಿ ಎಲ್ಲಿ ಎಂದು ಕೇಳಿದಾಗ, ಹುಳ ಬಿದ್ದಿತ್ತು, ಚೊಕ್ಕಟ ಮಾಡಲು ಮಿಲ್ಲಿಗೆ ಕೊಟ್ಟಿದ್ದೇನೆ ಎಂದೆ. "ಹೊಸ ಅಕ್ಕಿಗಾ?" ಎಂದಳು, ಅಷ್ಟೆ.

ಶುಕ್ರವಾರ ಬಂತು. ಗಿರಿಜಾ ಚೂಡಿದಾರ್ ತೊಟ್ಟು, "ನಡೆಯೋಕೂ ಆಗ್ಬೇಕಲ್ಲ," ಎಂದು ಹಿಂದೆ ಕೂತಳು. ಬೈಕು ಏರಿತು ನೋಡಿ. ಹೊಗೆಯಿಲ್ಲ, ಕೆಮ್ಮಿಲ್ಲ. ಎಳೆಗರುವಿನಂತೆ ತಿರುವುಗಳನ್ನು ದಾಟಿತು. ಹಿಂದಿನ ವರ್ಷ ನಿಂತ ಜಾಗವನ್ನೂ ದಾಟಿತು. ಹೆಗಲ ಮೇಲೆ ಅವಳ ಕೈ ಸಡಿಲವಾದದ್ದು ಗೊತ್ತಾಯಿತು. ಇನ್ನೊಬ್ಬನಾಗಿದ್ದರೆ ಅಷ್ಟಕ್ಕೆ ತೃಪ್ತನಾಗುತ್ತಿದ್ದ. ಆದರೆ ನನ್ನ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿತ್ತು. ಈಗ, ಈ ಗಳಿಗೆಯಲ್ಲಿ, ಪ್ಲಗ್ ಯಾವ ಬಣ್ಣದಲ್ಲಿದೆ? ಆ ಒಂದು ಗೀರು ಸರಿಹೋಯಿತೆ? ಮೇಲೆ ಹೋಗಿ ನಿಧಾನಕ್ಕೆ ನಿಲ್ಲಿಸಿದರೆ ಅದು ಮತ್ತೆ ಸುಳ್ಳು ಹೇಳುತ್ತದೆ. ನಂದಿಯ ತಿರುವು ಬಂತು. ಬೇಡ ಬೇಡ ಎನ್ನುತ್ತಲೇ ನನ್ನ ಕೈ ಕೀಯನ್ನು ತಿರುಗಿಸಿಬಿಟ್ಟಿತು.

"ನಿಂತೋಯ್ತಾ?" ಎಂದಳು ಗಿರಿಜಾ. ನಾನು ಆಗಲೇ ಸ್ಪ್ಯಾನರ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದೆ. ಪ್ಲಗ್ ಹೊರಬಂತು. ಬಿಸ್ಕತ್ತು, ಅಪ್ಪಟ ಬಿಸ್ಕತ್ತು. ಕರವಸ್ತ್ರದಲ್ಲಿ ಹಿಡಿದು, ಮಗುವಿನ ಮೊದಲ ಹಲ್ಲು ತೋರಿಸುವವನಂತೆ ಅವಳಿಗೆ ತೋರಿಸಿದೆ. ಬೈಕು ನಿಲ್ಲಲಿಲ್ಲ, ಇದಕ್ಕಾಗಿ ನಾನೇ ನಿಲ್ಲಿಸಿದೆ ಎಂದು ಒಪ್ಪಿಕೊಂಡೆ. ಅವಳು ಪ್ಲಗ್ಗನ್ನು ಒಮ್ಮೆ ನೋಡಿದಳು, ನನ್ನನ್ನು ಎರಡು ಸಲ ನೋಡಿದಳು. "ಹಾಗಾದ್ರೆ ಗಾಡಿ ಮಾರೋದು ಬೇಡ, ಅದರದ್ದೇನೂ ತಪ್ಪಿಲ್ಲ," ಎಂದು ಕೈ ಚಾಚಿದಳು. "ಕೀ ಕೊಡಿ. ನೀವು ಹಿಂದೆ ಕೂತ್ಕೊಳ್ಳಿ."

ಪ್ಲಗ್ಗನ್ನು ಮತ್ತೆ ಬಿಗಿದು ಕೀ ಕೊಟ್ಟೆ. ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿದಳು. ಅವಳು ಓಡಿಸುವಾಗ ಎಂಜಿನ್ನಿನ ಸದ್ದು ಇನ್ನೂ ಮೃದುವಾಗಿ ಕೇಳಿದ್ದನ್ನು ನಾನು ಇಂದಿಗೂ ಯಾರಿಗೂ ಹೇಳಿಲ್ಲ. ಮೇಲೆ ದರ್ಶನ ಮುಗಿಸಿ ಪ್ರಸಾದದ ಸಾಲಿನಲ್ಲಿ ನಿಂತೆವು. ಪುಳಿಯೋಗರೆ ಬಡಿಸುತ್ತಿದ್ದವರು ಅದೇ ಮೀಸೆಯ ಹಿರಿಯರು. ನಾನು ಮುಖ ತಿರುಗಿಸುವುದರೊಳಗೆ ಗುರುತು ಹಿಡಿದರು. "ಬನ್ನಿ ಸಾ, ಇದು ನಿಮ್ಮ ಅಕ್ಕೀದೇಯ. ಮೊನ್ನೆ ಒಬ್ರೇ ಮೂಟೆ ಕಟ್ಕಂಡ್ ಬಂದಿದ್ರು ಕಣಮ್ಮ, ಪಾಪ, ಗಾಡಿ ಬೇರೆ ಕೆಟ್ಟೋಗಿತ್ತು. ಪುಣ್ಯವಂತರು," ಎಂದು ಗಿರಿಜಾಳ ದೊನ್ನೆಗೆ ಇನ್ನೊಂದು ಸೌಟು ಹಾಕಿದರು.

ಗಿರಿಜಾ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು. "ಚೆನ್ನಾಗಿದೆ ಕಣ್ರೀ," ಎಂದಳು. "ಮಿಲ್ಲಿನವರು ಹುಳ ಎಲ್ಲಾ ತೆಗೆದುಬಿಟ್ಟಿದಾರೆ."

ಪ್ಲಗ್ ಓದುವುದಕ್ಕೆ ಗಾಡಿ ನಿಲ್ಲಿಸಬೇಕು, ಸ್ಪ್ಯಾನರ್ ಹಿಡಿಯಬೇಕು, ಕೈ ಸುಟ್ಟುಕೊಳ್ಳಬೇಕು. ನನ್ನನ್ನು ಅವಳು ಏನನ್ನೂ ಬಿಚ್ಚದೆ ಓದಿ ಮುಗಿಸಿದ್ದಳು. ಬೆಟ್ಟ ಇಳಿಯುವಾಗಲೂ ಕೀ ಅವಳ ಕೈಯಲ್ಲೇ ಇತ್ತು. ಮೂಟೆ ಕಟ್ಟಿದ್ದ ಜಾಗದಲ್ಲಿ ನಾನು ಅಲುಗಾಡದೆ ಕೂತಿದ್ದೆ.