ಮೇಜಿನ ಡ್ರಾಯರ್ ಕದ್ದ ಮಂತ್ರಿಗಳು

ಅಮೆರಿಕದ ಪಾರ್ಸಿಪನಿಯಲ್ಲಿ ನಮ್ಮ ಮನೆಗೆ ಸರಿಯಾಗಿ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಕಳ್ಳರಿದ್ದಾರೆ. ಹೆದರಬೇಡಿ, ಬಲು ಮರ್ಯಾದಸ್ಥರು! ಸೋವಿಯತ್ ಒಡೆದಾಗ ಬೇರೆಯಾದ ಪುಟ್ಟ ದೇಶವೊಂದರಲ್ಲಿ ಮಂತ್ರಿಗಳಾಗಿದ್ದವರು. ಅವರ ಮೇಲೆ ಅಲ್ಲಿ ಏನು ಕೇಸಿದೆ ಗೊತ್ತೇ? ಮೇಜಿನ ಡ್ರಾಯರ್ ಕದ್ದದ್ದು. ಒಂದೆರಡಲ್ಲ, ಇಡೀ ದೇಶದ್ದು!

ಆದದ್ದಿಷ್ಟು. ಸರ್ಕಾರಿ ಆಫೀಸಿನ ಲಂಚವೆಲ್ಲ ಜಾರಿ ಬೀಳುವುದು ಡ್ರಾಯರಿಗೆ ಎಂದು ಇವರಿಗೆ ಹೊಳೆಯಿತಂತೆ. ಮಂತ್ರಿಯಾದ ಮೊದಲ ವಾರವೇ ಎಲ್ಲ ಮೇಜುಗಳಿಂದಲೂ ಡ್ರಾಯರ್ ಕೀಳಿಸಿದರು. ಜನ ಇವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ನೌಕರರು ದೊಡ್ಡ ಜೇಬು ಹೊಲಿಸಿಕೊಂಡರು. ಇವರು ಜೇಬಿಗೂ ಕತ್ತರಿ ಹಾಕಲು ಹೊರಟಾಗ ಸರ್ಕಾರವೇ ಬಿತ್ತು. ಹೊಸದಾಗಿ ಬಂದವರು ಡ್ರಾಯರುಗಳೆಲ್ಲಿ ಎಂದು ಕೇಸು ಹಾಕಿದರು. ಅಲ್ಲಿ ಕಾಲಿಟ್ಟರೆ ಜೈಲು. ಇವರ ಪಕ್ಷ ಗೆಲ್ಲುವವರೆಗೆ ಊರಿಲ್ಲ. ಊರಿನಲ್ಲಿರುವ, ಎಂಬತ್ತು ದಾಟಿದ ಅಕ್ಕನ ಮುಖವೂ ಇಲ್ಲ.

ನಮಗೆ ಪರಿಚಯವಾದದ್ದು ಸತ್ಯನಾರಾಯಣ ಪೂಜೆಯ ದಿನ. ಪ್ರಸಾದದ ಡಬ್ಬಿ ಹಿಡಿದು ಕೆಳಗೆ ಹೋದೆ. ಅವರು ಮುಟ್ಟಲಿಲ್ಲ. ತಮ್ಮಿಂದ ನನಗೆ ಏನು ಕೆಲಸವಾಗಬೇಕು ಎಂದು ವಿಚಾರಿಸಿದರು. ಪ್ರಸಾದ ಬಿಟ್ಟುಹೋದವರ ಗತಿ ಏನಾಯಿತೆಂದು ಆಗಷ್ಟೇ ಕಥೆ ಕೇಳಿ ಎದ್ದು ಬಂದಿದ್ದೇನೆ, ಬಿಡಲಾದೀತೇ?

“ನಾನು ಕೊಡ್ತಿರೋದಲ್ಲ ಅಂಕಲ್, ದೇವರು ಕೊಡ್ತಿರೋದು.”

“ಹಾಗಾದರೆ ದೇವರಿಗೆ ನನ್ನಿಂದ ಏನು ಕೆಲಸ ಆಗಬೇಕು?”

ಕೊನೆಗೆ ಪಾರ್ಸೆಲ್ ತಂದ ಹೆಂಗಸನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ಕಾರಿಡಾರಿನಲ್ಲಿ ಬಹಿರಂಗವಾಗಿ ತಿಂದರು. ತಿಂದರಲ್ಲ, ಅದೇ ಪುಣ್ಯ.

ಆಮೇಲೆ ನಮ್ಮ ಲಾಂಡ್ರಿ ರೂಮಿನ ಸುಧಾರಣೆಗೆ ಕೈಹಾಕಿದರು. ಯಾರ ಬಟ್ಟೆ ಎಷ್ಟು ಗಂಟೆಗೆ ಎಂದು ಪಟ್ಟಿ ಅಂಟಿಸಿದರು. ಎಲ್ಲ ಎಂಟು ಗಂಟೆ ಹೆಚ್ಚುಕಮ್ಮಿ! ನೋಡಿದರೆ, ಮಂತ್ರಿಗಳ ಕೈಗಡಿಯಾರ ಇನ್ನೂ ಅವರ ಊರಿನ ವೇಳೆಯಲ್ಲೇ ಓಡುತ್ತಿದೆ. ಇಂಥವರು ನಮ್ಮ ಕಡೆ ಎಲೆಕ್ಷನ್ನಿಗೆ ನಿಂತರೆ ಡಿಪಾಸಿಟ್ಟೂ ಉಳಿಯೋದಿಲ್ಲ ಎಂದು ನಮ್ಮೆಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ಬಂದ ಹೊಸದರಲ್ಲಿ ನನ್ನ ಅಡುಗೆಮನೆಯ ಗಡಿಯಾರವೂ ಮೈಸೂರಿನಲ್ಲೇ ಇತ್ತು.

ಹೋದ ವರ್ಷ ಅಲ್ಲಿ ಚುನಾವಣೆ ಆಯಿತು. ಎಣಿಕೆಯ ದಿನ ಬೆಳಿಗ್ಗೆಯೇ ಕೋಟು, ಟೈ ಹಾಕಿಕೊಂಡು ನಮ್ಮ ಮನೆಗೆ ಬಂದರು. ನಮ್ಮ ವೈಫೈ ಚೆನ್ನಾಗಿದೆ. ನಾನು ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದೆ. ಅವರಿಗೆ ಹೇಳಿರಲಿಲ್ಲ, ಅದೂ ಲಂಚವೇ ಎಂದುಬಿಟ್ಟರೆ?

ಹನ್ನೊಂದರ ಹೊತ್ತಿಗೆ ತಿಳಿಯಿತು. ಸೋತರು.

ಆರೋಗ್ಯ ಗಟ್ಟಿಯಾಗಿದೆ, ತಲೆಯ ಮೇಲೊಂದು ಸೂರಿದೆ ಎಂದು ಏನೇನೋ ಸಮಾಧಾನ ಹೇಳಿದೆ. ತಲೆಯಾಡಿಸಿ, ಅಕ್ಕನಿಗೆ ಫೋನ್ ಮಾಡಿದರು. ಚುನಾವಣೆಯ ಮಾತೇ ಬಂದಂತೆ ಕಾಣಲಿಲ್ಲ. ಆಕೆ ಏನೋ ಕೇಳಿದರು, ಇವರು ಹೂಂಗುಟ್ಟಿದರು. ಆಕೆ ಫೋನನ್ನು ಒಯ್ದು ಕಿಟಕಿಯಲ್ಲಿಟ್ಟರಂತೆ. ಇವರು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದರು. ಬೀದಿ ಕೇಳಿಸಿತು. ನಾಯಿ ಬೊಗಳಿತು. ಯಾರೋ ತಾಯಿ ಮಕ್ಕಳನ್ನು ಒಳಕ್ಕೆ ಕರೆದಳು. ದೂರದಲ್ಲಿ ಕಬ್ಬಿಣ ತಿಕ್ಕಿದ ಸದ್ದು.

“ಟ್ರಾಮ್,” ಅಂದರು ಮೆಲ್ಲಗೆ. “ಈಗ ನಮ್ಮ ಮನೆ ತಿರುವಿಗೆ ಬರುತ್ತೆ.”

ಒಳಗೆ ನನ್ನ ಕುಕ್ಕರ್ ಬುಸುಗುಡಲು ಶುರುಮಾಡಿತ್ತು. ಅದು ಶಿಳ್ಳೆ ಹಾಕುವ ಮೊದಲೇ ಓಡಿಹೋಗಿ ಒಲೆ ಆರಿಸಿದೆ.