ಸಾಹುಕಾರನ ಮನೆಯ ಅಮೋನಿಯಾ

ಸುಮ್ಮನೆ ಕೂರುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಕೆಲವರು ತಾಯಿಯ ಹೊಟ್ಟೆಯಲ್ಲೇ ಅದನ್ನು ಕಲಿತು ಬಂದಿರುತ್ತಾರೆ. ನನಗೆ ಮಾತ್ರ ಈ ಜನ್ಮದಲ್ಲಿ ಅದು ಬರಲಿಲ್ಲ. ಅನ್ನ ಬೇಯುತ್ತಿದ್ದರೆ ಮುಚ್ಚಳ ತೆಗೆದು ನೋಡಬೇಕು, ಊರಿದ ಬೀಜ ಮೊಳೆತಿದೆಯೋ ಇಲ್ಲವೋ ಎಂದು ಮಣ್ಣು ಕೆದರಬೇಕು, ಗುಳಿಗೆ ನುಂಗಿದ ನೀರು ಗಂಟಲಿನಿಂದ ಇಳಿಯುವುದರೊಳಗೆ ಜ್ವರ ಇಳಿಯಿತೇ ಎಂದು ಹಣೆ ಮುಟ್ಟಿಕೊಳ್ಳಬೇಕು. "ನಿಮ್ಮನ್ನ ಅರ್ಧಾ ತಾಸು ಒಂದ ಕಡೆ ಕುಂದ್ರಸಬೇಕಂದ್ರ ಕಟಿಂಗ್ ಅಂಗಡೀಗೇ ಕಳಸಬೇಕು ನೋಡ್ರಿ. ಅಲ್ಲಿ ಕತ್ತರಿ ಅಂಜಿಕಿ ಇರ್ತೇತಿ" ಎನ್ನುತ್ತಾಳೆ ಗೀತಾ. ಗೀತಾ ನನ್ನ ಹೆಂಡತಿ. ಹಾನಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ನಾನು ಅದೇ ಊರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಕಚೇರಿಯಲ್ಲಿ ನನ್ನ ಈ ಚಡಪಡಿಕೆಯನ್ನು ಕೆಲಸದ ಹುರುಪು ಎಂದು ತಿಳಿದಿದ್ದಾರೆ. ಮನೆಯಲ್ಲಿ ಯಾರೂ ಅಷ್ಟು ಮುಗ್ಧರಿಲ್ಲ.

ನಮ್ಮ ಮನೆಗೆ ಮೀನುಗಳು ಬಂದದ್ದು ಅವ್ವನ ಮೊಣಕಾಲಿನ ದೆಸೆಯಿಂದ. ಮೊಣಕಾಲಿನ ಆಪರೇಷನ್ ಆದ ಮೇಲೆ ಆಕೆ ತಿಂಗಳುಗಟ್ಟಲೆ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಟಿ.ವಿ. ಹಚ್ಚಿದರೆ ಧಾರಾವಾಹಿಯ ಅತ್ತೆಯರನ್ನು ಕಂಡು ಸಿಟ್ಟು, ಆರಿಸಿದರೆ ನಮ್ಮನ್ನು ಕಂಡು ಸಿಟ್ಟು. ಕಡೆಗೆ ನಾನು ಒಂದು ಸಣ್ಣ ಗಾಜಿನ ತೊಟ್ಟಿ, ಅದರೊಳಗೆ ನಾಲ್ಕು ಗೋಲ್ಡ್ ಫಿಶ್ ತಂದು ಆಕೆಯ ಕುರ್ಚಿಯ ಪಕ್ಕದಲ್ಲಿಟ್ಟೆ. "ಹಾಲು ಕೊಡೂದಿಲ್ಲ, ಬಾಗಲಾ ಕಾಯೂದಿಲ್ಲ, ಇವನ್ಯಾಕ ತಂದೀಪಾ?" ಎಂದು ಅವ್ವ ಮುಖ ತಿರುಗಿಸಿದಳು. ಆದರೆ ವಾರ ಕಳೆಯುವುದರಲ್ಲಿ ಓಣಿಯ ಸುದ್ದಿಯೆಲ್ಲ ಮೀನುಗಳ ಕಿವಿಗೆ ಬೀಳತೊಡಗಿತು. ಮೀನಿಗೆ ಕಿವಿ ಇದೆಯೇ ಎಂದು ನಾನು ಕೇಳಿದ್ದಕ್ಕೆ, "ನಿನಗ ಎರಡು ಅದಾವಲ್ಲ, ಏನ್ ಉಪಯೋಗ ಆಗೇತಿ? ಇವು ಬಾಯಿ ತಗೀತಾವ, ಆದ್ರ ಎದುರು ಮಾತಾಡೂದಿಲ್ಲ" ಎಂದಳು. ಎಲ್ಲಕ್ಕಿಂತ ದಪ್ಪನೆಯ, ಉಳಿದವುಗಳನ್ನು ತಳ್ಳಿ ತಾನೇ ಮೊದಲು ತಿನ್ನುವ ಮೀನಿಗೆ ಸಾಹುಕಾರ ಎಂದು ಹೆಸರಿಟ್ಟಳು. ಮೊಣಕಾಲು ಗುಣವಾಯಿತು, ಅವ್ವ ಆ ಕುರ್ಚಿಯನ್ನು ಮಾತ್ರ ಬಿಡಲಿಲ್ಲ.

ಸಾಹುಕಾರ ಬೆಳೆದ. ತೊಟ್ಟಿಯಲ್ಲಿ ಒಮ್ಮೆ ತಿರುಗಬೇಕಾದರೆ ಬಾಲ ಗಾಜಿಗೆ ತಾಗುತ್ತಿತ್ತು. ಅದನ್ನು ನೋಡಿ ನೋಡಿ ನನಗೆ ಉಸಿರು ಕಟ್ಟಿದಂತಾಗಿ, ಹುಬ್ಬಳ್ಳಿಗೆ ಹೋಗಿ ಅದರ ಮೂರು ಪಟ್ಟು ದೊಡ್ಡ ತೊಟ್ಟಿ ತಂದೆ. ಗೀತಾ ಶಾಲೆಗೆ ಹೋದ ಒಂದು ಶನಿವಾರ ಗೃಹಪ್ರವೇಶ ನೆರವೇರಿಸಿದೆ. ಹೊಸ ಮನೆಗೆ ಹಳೆಯ ಕೊಳೆ ಯಾಕೆ? ತೊಟ್ಟಿಯ ತಳದ ಹಳೆಯ ಹರಳುಗಳನ್ನು ಹಿತ್ತಿಲಿಗೆ ಸುರಿದೆ. ನೀರು ಸೋಸುವ ಫಿಲ್ಟರಿನೊಳಗಿನ ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಲೋಳೆಗಟ್ಟಿತ್ತು. ಅದನ್ನು ಎರಡು ಬೆರಳಿನಲ್ಲಿ ಹಿಡಿದು ಕಸದ ಗಾಡಿಗೆ ಹಾಕಿದೆ. ಹೊಸ ಹರಳು, ಹೊಸ ಸ್ಪಂಜು, ಹೊಸ ನೀರು. ಸಂಜೆ ಬಂದವರೆಲ್ಲ ಹೊಗಳಿದರು. ನಾನೂ ಯಾರಾದರೂ ಹೊಗಳುತ್ತಾರೆಂದು ಬಾಗಿಲಲ್ಲೇ ನಿಂತಿದ್ದೆ.

ಕೆಲವು ದಿನಗಳಾದ ಮೇಲೆ ಬೆಳಿಗ್ಗೆ ಅವ್ವ ಕೂಗಿದಳು: "ಶಂಕ್ರ್ಯಾ, ಸಾಹುಕಾರ ಮಾತು ಕೇಳವಲ್ಲ!" ಹೋಗಿ ನೋಡಿದರೆ ಮೂರು ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಸಾಹುಕಾರ ಮೂಲೆಯಲ್ಲಿ ರೆಕ್ಕೆ ಮಡಚಿ ತಳ ಹಿಡಿದಿದ್ದಾನೆ. ಕಿವಿರು ಕೆಂಪಗಾಗಿದೆ. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿದೆ. ಹುಬ್ಬಳ್ಳಿಯ ಅಂಗಡಿಯವನಿಗೆ ಫೋನು ಮಾಡಿದರೆ, "ಅಮೋನಿಯಾ ಏರಿರ್ತೇತ್ರಿ ಸರ" ಎಂದ. ಅಮೋನಿಯಾ ಎಂಬ ಶಬ್ದ ಕಿವಿಗೆ ಬಿದ್ದದ್ದೇ, ಚಪಾತಿ ಲಟ್ಟಿಸುತ್ತಿದ್ದ ಗೀತಾ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು.

"ಹಳೇ ಸ್ಪಂಜ್ ಎಲ್ಲೈತ್ರಿ?"

"ಹೊಲಸಾಗಿತ್ತು, ಒಗದೆ."

"ಆ ಹೊಲಸೇ ಅಲ್ರಿ ಮೀನಾ ಬದುಕಿಸಿದ್ದು!" ಎಂದು ಆಕೆ ಹಣೆಗೆ ಕೈ ಹಚ್ಚಿಕೊಂಡಾಗ ಹಣೆಯ ತುಂಬ ಹಿಟ್ಟಾಯಿತು. ಆಮೇಲೆ ಪಾಠ ಶುರುವಾಯಿತು. ಮೀನಿನ ಹೊಲಸಿನಿಂದ, ತಿನ್ನದೆ ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಅದನ್ನು ಮಾರ್ಪಡಿಸಿ ಸೌಮ್ಯ ಮಾಡುವ ಸೂಕ್ಷ್ಮಜೀವಿಗಳು ಸ್ಪಂಜಿನಲ್ಲಿ, ಹರಳಿನಲ್ಲಿ ಸಂಸಾರ ಹೂಡಿರುತ್ತವೆ. ನಾನು ಮನೆ ದೊಡ್ಡದು ಮಾಡಿ, ಮನೆ ನಡೆಸುವವರನ್ನು ಕಸದ ಗಾಡಿಗೆ ಹತ್ತಿಸಿ ಕಳಿಸಿದ್ದೆ. "ಪ್ರತಿ ವರ್ಷ ಬೋರ್ಡಿನ ಮ್ಯಾಲೆ ಇದರ ಚಿತ್ರಾ ತಗೀತೇನಿ. ನನ್ನ ಮನ್ಯಾಗ ಹಿಂಗಾತಲ್ಲ" ಎಂದು ಆಕೆಯ ಸಂಕಟ.

ಅಂದಿನಿಂದ ನಮ್ಮ ಮನೆ ದವಾಖಾನೆಯಾಯಿತು. ದಿನವೂ ಸ್ವಲ್ಪ ನೀರು ತೆಗೆದು, ಕ್ಲೋರಿನ್ ತೆಗೆಯುವ ಔಷಧಿ ಹಾಕಿದ ಹೊಸ ನೀರು ಸುರಿಯುವುದು. ನೀರನ್ನು ಸಣ್ಣ ಗಾಜಿನ ನಳಿಗೆಯಲ್ಲಿ ತುಂಬಿ, ಔಷಧಿ ಹನಿಸಿ, ಬಣ್ಣ ನೋಡುವುದು. ಹಳದಿ ಬಂದರೆ ಕ್ಷೇಮ, ಹಸಿರಾದಷ್ಟೂ ಕಂಟಕ. ಆದರೆ ಹಳದಿ ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಗುತ್ತದೆ ಎಂಬುದರಲ್ಲಿ ಮನೆಯಲ್ಲಿ ಒಮ್ಮತವಿರಲಿಲ್ಲ. ಗೀತಾಗೆ ಅದು ಎಳೆ ಬಾಳೆಎಲೆ. ಅವ್ವನಿಗೆ ಲಿಂಬೆಹಣ್ಣು. ನನ್ನ ಕಣ್ಣಿಗೆ ಬೆಳಿಗ್ಗೆ ಒಂದು ಬಣ್ಣ, ಸಂಜೆ ಇನ್ನೊಂದು. ಒಂದು ದಿನ ನಳಿಗೆಯನ್ನು ಕಚೇರಿಗೇ ಒಯ್ದು ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ಅವರು ತುಂಬ ಗಂಭೀರವಾಗಿ, "ಸಕ್ಕರಿ ಅಂಶ ಎಷ್ಟು ಐತಂತರಿ?" ಎಂದು ಕೇಳಿದರು.

ಎಷ್ಟು ನೀರು ಬದಲಿಸಿದರೂ ಹಸಿರು ಇಳಿಯಲಿಲ್ಲ. ಮೀನಿಗೆ ಸದ್ಯ ಏನೂ ತಿನ್ನಿಸಬಾರದು ಎಂದು ಗೀತಾ ಕಟ್ಟಪ್ಪಣೆ ಮಾಡಿದ್ದಳು. ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅವ್ವನ ಸೆರಗಿನಲ್ಲಿ ಕಡಕ್ ರೊಟ್ಟಿಯ ಚೂರು, ನೀರಿನಲ್ಲೂ ಕಡಕ್ ರೊಟ್ಟಿಯ ಚೂರು.

"ಅವ್ವಾ, ತಿನ್ನಾಕ ಹಾಕಿದಷ್ಟೂ ವಿಷ ಏರ್ತೇತಿ!"

"ಜಡ್ಡು ಬಂದವರಿಗೆ ಗಂಜೀನರ ಕೊಡ್ತಾರೋ ಇಲ್ಲೋ? ಅದು ಸಾಯೂದ ಐತಿ ಅಂದ್ರ ಹಸ್ಗೊಂಡು ಯಾಕ ಸಾಯಬೇಕು?" ಎಂದವಳ ದನಿ ಒಡೆಯಿತು. ಅವ್ವ ಸಾಹುಕಾರನ ಕಡೆ ನೋಡುತ್ತಿರಲಿಲ್ಲ. ಕುರ್ಚಿಯನ್ನೇ ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದಳು. ನಾನು ನೀರಿನಲ್ಲಿ ತೇಲುತ್ತಿದ್ದ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದೆ.

ಗೀತಾಳೇ ದಾರಿ ಹೇಳಿದಳು. ಹಳೆಯ ತೊಟ್ಟಿ ಇಟ್ಟವರ ಹತ್ತಿರ ಕೊಳೆಯಾದ ಸ್ಪಂಜು ಸಿಕ್ಕರೆ, ಅದರೊಳಗಿನ ಸಂಸಾರ ನಮ್ಮಲ್ಲಿ ಬೇಗ ಬೆಳೆಯುತ್ತದೆ. ನನ್ನ ಕಾಲೇಜಿನ ಗೆಳೆಯ ಬಸು ಸವಣೂರಿನಲ್ಲಿ ಚಷ್ಮಾದ ಅಂಗಡಿ ಇಟ್ಟಿದ್ದಾನೆ. ಅಂಗಡಿಯಲ್ಲಿ ಮೀನಿನ ತೊಟ್ಟಿಯೂ ಇದೆ. ರಜೆ ಹಾಕಿ ಓಡಿದೆ. ಕಾರಣ ಕೇಳಿ ಅವನಿಗೆ ನಗು ತಡೆಯಲಿಲ್ಲ. "ಸ್ಪಂಜ್ ತೊಳಿ, ತೊಳಿ ಅಂತ ನನ್ನ ಹೆಂಡ್ತಿ ಜೀವಾ ತಿಂತಾಳ. ನೀ ನೋಡಿದ್ರ ಬಸ್ ಹತ್ತಿ ಬೇಡಾಕ ಬಂದೀಯಲ್ಲೋ! ಬಾ, ಅಕೀ ಮುಂದ ಒಂದ್ಸಲ ಹೇಳಿ ಹೋಗು" ಎಂದ. ಕೊಳೆ ಅಲ್ಲಾಡದಂತೆ ಒಂದು ಸ್ಪಂಜನ್ನು ತೆಗೆದು, ಅದೇ ತೊಟ್ಟಿಯ ನೀರಿನ ಜೊತೆಗೆ ನನ್ನ ಸ್ಟೀಲಿನ ಡಬ್ಬಿಗೆ ಹಾಕಿದ.

ಒಣಗಬಾರದು, ಬಿಸಿಲು ತಾಗಬಾರದು, ಗಾಳಿಯಾಡಬೇಕು. ಹಾಗಾಗಿ ಬಸ್ಸಿನಲ್ಲಿ ಮುಚ್ಚಳ ಅರ್ಧ ತೆರೆದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಪ್ರತಿ ತಗ್ಗಿಗೂ ಮೈ ಬಿಗಿಹಿಡಿದು ಕೂತೆ. ಪಕ್ಕದ ಸೀಟಿನ ಹಿರಿಯರು ಬಹಳ ಹೊತ್ತು ಡಬ್ಬಿಯನ್ನೇ ನೋಡಿದರು. "ಸವಣೂರು ಖಾರಾ ಏನ್ರಿ?" ಎಂದರು, ಕೈ ಸ್ವಲ್ಪ ಮುಂದೆ ಚಾಚಿ.

"ಅಲ್ರಿ, ಹೊಲಸು."

ಹಿರಿಯರು ಮುಖ ಗಂಟಿಕ್ಕಿದರು. "ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ರಿ. ತಿನ್ನೂ ವಸ್ತೂಕ ಹಂಗ ಅನಬಾರ್ದು" ಎಂದು ಕಿಟಕಿಯ ಕಡೆ ತಿರುಗಿದವರು ಹಾನಗಲ್ ಬರುವವರೆಗೂ ನನ್ನ ಕಡೆ ನೋಡಲಿಲ್ಲ.

ಆ ಸ್ಪಂಜನ್ನು ಫಿಲ್ಟರಿಗೆ ಸೇರಿಸಿದ ಮೇಲೆ ನನಗೆ ಉಳಿದ ಕೆಲಸ ಒಂದೇ: ಸುಮ್ಮನಿರುವುದು. ಇಷ್ಟು ಕಷ್ಟದ ಕೆಲಸವನ್ನು ನನಗೆ ಯಾರೂ ಎಂದೂ ವಹಿಸಿರಲಿಲ್ಲ. ಗೀತಾ ನಳಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ದಿನಕ್ಕೊಮ್ಮೆ ಮಾತ್ರ, ಅದೂ ಆಕೆಯ ಎದುರಿಗೆ. ನಾನು ಕೈ ಕಟ್ಟಿಕೊಂಡು ತೊಟ್ಟಿಯ ಸುತ್ತ ತಿರುಗಿದೆ. ದಿನದಿಂದ ದಿನಕ್ಕೆ ಹಸಿರು ತೆಳುವಾಯಿತು. ಮೂರು ಮೀನುಗಳು ಕೆಳಗಿಳಿದು ಈಜತೊಡಗಿದವು. ಸಾಹುಕಾರ ಮಾತ್ರ ಮಿಸುಕಲಿಲ್ಲ. ಕಡೆಗೊಂದು ಬೆಳಿಗ್ಗೆ ನಳಿಗೆಯ ನೀರು ಬೇಳೆಯ ಹಳದಿಗೆ ಬಂದಿತು. ಅಂದು ಮೂವರೂ ಒಂದೇ ಬಣ್ಣ ಹೇಳಿದೆವು. ಗೀತಾ ಒಂದು ಚಿಟಿಕೆ ಆಹಾರ ಹಾಕಿದಳು. ಮೂಲೆಯಲ್ಲಿದ್ದ ಸಾಹುಕಾರ ಎದ್ದ, ಓಲಾಡುತ್ತ ಬಂದ, ಪಕ್ಕದಲ್ಲಿದ್ದ ಮೀನನ್ನು ತಳ್ಳಿ ಬಾಯಿ ಹಾಕಿದ. ಅವ್ವ ಕುರ್ಚಿ ತಿರುಗಿಸಿಕೊಂಡಳು. "ಬುದ್ಧಿ ಹಂಗ ಐತಿ. ಅರಾಮ ಆಗ್ಯಾನ ಬಿಡು" ಎಂದು ಕಣ್ಣೊರೆಸಿಕೊಂಡು, ಅಷ್ಟು ದಿನ ಬಾಕಿ ಉಳಿದಿದ್ದ ಓಣಿಯ ಸುದ್ದಿ ಹೇಳತೊಡಗಿದಳು.

ಬಸು ಈ ಕಥೆಯನ್ನು ಎಲ್ಲೆಲ್ಲಿ ಹೇಳಿದನೋ, ಮೊನ್ನೆ ಹಿರೇಕೆರೂರಿನ ಗೃಹಸ್ಥರೊಬ್ಬರು ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅವರೂ ಮೀನುಗಳನ್ನು ದೊಡ್ಡ ತೊಟ್ಟಿಗೆ ಬಿಟ್ಟು ಕಂಗಾಲಾಗಿದ್ದರು. ಸ್ಪಂಜಿನ ಅರ್ಧ ಕತ್ತರಿಸಿ ಕೊಟ್ಟು, ಚಹಾ ಕುಡಿಸಿ, ಹಿರಿಯನಂತೆ ಬುದ್ಧಿ ಹೇಳಿದೆ: "ಗಡಿಬಿಡಿ ಮಾಡಬ್ಯಾಡ್ರಿ. ಘಳಿಗಿಗೊಮ್ಮೆ ನೀರು ನೋಡಬ್ಯಾಡ್ರಿ. ತಾಳ್ಮಿ ಬೇಕ್ರಿ ಇದಕ್ಕ, ತಾಳ್ಮಿ." ಅವರು ಕೈಮುಗಿದು ಹೊರಟರು. ಗೀತಾ ನನ್ನನ್ನೇ ನೋಡುತ್ತಿದ್ದಳು. ನಾನು ಸ್ವಲ್ಪ ಹೊತ್ತು ಕೂತೆ, ಎದ್ದೆ, ಮತ್ತೆ ಕೂತೆ. ಆಮೇಲೆ ಹಿತ್ತಿಲಿಗೆ ಹೋಗಿ, ಯಾರಿಗೂ ಕೇಳದಂತೆ ಅವರಿಗೆ ಫೋನು ಹಚ್ಚಿದೆ.

"ನೀರಿನ ಬಣ್ಣ ಏನಾತ್ರಿ?"

"ಸರ, ನಾ ಇನ್ನೂ ಬಸ್ಸಿನ್ಯಾಗ ಅದೇನ್ರಿ" ಎಂದರು ಅವರು. "ತಿಳವಳ್ಳಿ ಸೈತ ಬಂದಿಲ್ರಿ."