ಟೈಲರ್ ಜತ್ತಪ್ಪ ಮಣೆಯಲ್ಲಿ ಕೂತದ್ದು

ಹಳದಿ ಬಣ್ಣದ ಎರಡು ಬಟ್ಟೆ ಚೀಲಗಳು. ಎರಡರ ಮೇಲೂ ಪುತ್ತೂರಿನ ಒಂದೇ ಜವಳಿ ಅಂಗಡಿಯ ಹೆಸರು. ಒಂದರಲ್ಲಿ ಸೇಬು, ಮೂಸಂಬಿ, ಒಂದು ಪೊಟ್ಟಣ ಮೈಸೂರುಪಾಕು. ಇನ್ನೊಂದರಲ್ಲಿ ಗುತ್ತಿಗಾರಿನ ಟೈಲರ್ ಜತ್ತಪ್ಪನ ಮಾನ. ಇಂಥ ಎರಡು ಚೀಲಗಳನ್ನು ಒಂದೇ ಕಾರಿನಲ್ಲಿ ಇಡಬಾರದು ಎಂದು ಆ ಭಾನುವಾರ ಬೆಳಿಗ್ಗೆ ಯಾರಿಗೂ ಹೊಳೆಯಲಿಲ್ಲ.

ಮಾನ ಅಂದರೆ ಮತ್ತೇನಲ್ಲ, ಗಾಳಿ ತುಂಬಿಸುವ ಒಂದು ರಬ್ಬರ್ ದಿಂಬು. ಉದ್ದಿನ ವಡೆಯ ಹಾಗೆ ಉರುಟಾಗಿ, ನಡುವೆ ತೂತಿರುವಂಥದ್ದು. ಜೀವಮಾನವಿಡೀ ಮಿಷಿನಿನ ಮುಂದೆ ಕೂತು, ನೀರು ಕುಡಿಯಲೂ ಏಳದೆ, ಊರಿನವರ ಅಂಗಿ ಚಡ್ಡಿ ಹೊಲಿದದ್ದಕ್ಕೆ ದೇವರು ಜತ್ತಪ್ಪನಿಗೆ ಕೊಟ್ಟ ಬಹುಮಾನ ಗುದದ್ವಾರದಲ್ಲಿ ಒಂದು ಬಿರುಕು. ಡಾಕ್ಟರರು ಅದಕ್ಕೆ ಫಿಶರ್ ಅಂದರು. “ಸಣ್ಣ ಆಪರೇಶನ್ ಮಾರಾಯ್ರೆ, ಹದಿನೈದು ದಿನದಲ್ಲಿ ಆರಾಮ ಕೂರ್ತೀರಿ” ಎಂದೂ ಅಂದರು. ಆಪರೇಶನ್ ಸಣ್ಣದೇ ಆಯಿತು. ಆದರೆ ಆ ವಿಷಯವನ್ನು ನೋವಿಗೆ ಯಾರೂ ತಿಳಿಸಿದಂತೆ ಕಾಣಲಿಲ್ಲ. ತಿಂಗಳು ಕಳೆದು ಇನ್ನೊಂದು ತಿಂಗಳು ಅರ್ಧವಾದರೂ ಅದು ಬಾಡಿಗೆ ಕೊಡದ ಒಕ್ಕಲಿನ ಹಾಗೆ ಅಲ್ಲೇ ಕೂತಿತ್ತು. ಜತ್ತಪ್ಪ ಮಾತ್ರ ಎಲ್ಲಿಯೂ ಕೂರುವ ಹಾಗಿರಲಿಲ್ಲ.

ಬೆಳಿಗ್ಗೆ ಪಾಯಿಖಾನೆಗೆ ಹೊರಡುವಾಗ ಅವನು ಗಡಿಗೆ ಹೊರಟ ಸಿಪಾಯಿಯ ಹಾಗೆ ಹೆಂಡತಿ ಪ್ರೇಮಾವತಿಯ ಮುಖವನ್ನೊಮ್ಮೆ ನೋಡಿ ಹೋಗುತ್ತಿದ್ದ. ಬಂದ ಮೇಲೆ ಟಬ್ಬಿನ ಬಿಸಿನೀರು, ಮುಲಾಮು, ರಾತ್ರಿ ಇಸಬ್‌ಗೋಲು. ಅಂಗಡಿಯಲ್ಲಿ ನಿಂತೇ ಕಾಜ ಹಾಕುವುದು, ನಿಂತೇ ಗುಂಡಿ ಹೊಲಿಯುವುದು. “ಎಂತ ಜತ್ತಪ್ಪಣ್ಣ, ಕೂರುದಿಲ್ವಾ?” ಎಂದು ಕೇಳಿದವರಿಗೆಲ್ಲ “ಹರ್ನಿಯಾ ಆಪರೇಶನ್ ಅಲ್ವಾ, ನಿಂತ್ರೆ ಒಳ್ಳೇದಂತೆ” ಎಂಬ ಉತ್ತರ. ಹರ್ನಿಯಾಕ್ಕೆ ಊರಿನಲ್ಲಿ ಒಂದು ಗೌರವ ಉಂಟು. ಈ ಇನ್ನೊಂದರ ಹೆಸರು ಬಸ್‌ಸ್ಟ್ಯಾಂಡಿನಲ್ಲಿ ಯಾರ ಬಾಯಿಗಾದರೂ ಬಿದ್ದರೆ ಮುಗಿಯಿತು, ಮೊಮ್ಮಕ್ಕಳ ಕಾಲಕ್ಕೂ ಅದೇ ಹೆಸರಿನಲ್ಲಿ ಕರೆಯುತ್ತಾರೆ. ನಿಜ ಗೊತ್ತಿದ್ದದ್ದು ಹೆಂಡತಿಗೆ ಮತ್ತು ಮಗಳು ಭವಿತಾಳಿಗೆ ಮಾತ್ರ.

ಆಸ್ಪತ್ರೆಯ ಸಾಮಾನು ಎಂದು ಯಾರಿಗೂ ಗೊತ್ತಾಗಬಾರದೆಂದು ಜತ್ತಪ್ಪ ಆ ದಿಂಬಿಗೆ ತಾನೇ ಒಂದು ಕವರು ಹೊಲಿದಿದ್ದ. ಯಾರದೋ ಮದುವೆ ರವಿಕೆಯಲ್ಲಿ ಉಳಿದ ಕೆಂಪು ಮಖಮಲ್ಲು, ಸುತ್ತ ಬಂಗಾರದ ಲೇಸು. ಕೈ ಅವನದ್ದು ಚಿನ್ನದಂಥ ಕೈ. ಆಸ್ಪತ್ರೆಯ ಸಾಮಾನು ಎಂದು ನಿಜವಾಗಿಯೂ ಯಾರಿಗೂ ಗೊತ್ತಾಗಲಿಲ್ಲ. ಮುಂದಿನದಕ್ಕೆಲ್ಲ ಅದೇ ಕಾರಣ.

ಆ ಭಾನುವಾರ ಅವರು ಹೊರಟದ್ದು ಕಬಕಕ್ಕೆ, ಹುಡುಗನ ಮನೆ ನೋಡಲಿಕ್ಕೆ. ಭವಿತಾಳಿಗೆ ಬಂದ ಎರಡು ಸಂಬಂಧಗಳು ಒಂದಲ್ಲ ಒಂದು ಕೊಂಕಿನಿಂದ ತಪ್ಪಿಹೋಗಿದ್ದವು. ಹೈಸ್ಕೂಲು ಮಾಸ್ಟ್ರು ಮೋಕ್ಷಿತ್ ಮೂರನೆಯವನು, ಮತ್ತು ಅವಳಿಗೆ ಮನಸ್ಸಿಗೆ ಹಿಡಿದ ಮೊದಲನೆಯವನು. ಹೊರಡುವಾಗ ಅವಳು ಅಪ್ಪನನ್ನು ಅಡುಗೆಮನೆಗೆ ಕರೆದಳು.

“ಅಪ್ಪ, ಇವತ್ತೊಂದು ದಿನ ಹೇಗಾದ್ರೂ ಕೂತ್ಕೊಳ್ಳಿ. ನಿಮ್ಮ ನೋವು ನನಗೆ ಗೊತ್ತುಂಟು. ಆದ್ರೆ ಇದೂ ತಪ್ಪಿದ್ರೆ ನಾನು ಇನ್ನು ಯಾರ ಎದುರೂ ಚಾ ಹಿಡ್ಕೊಂಡು ನಿಲ್ಲುದಿಲ್ಲ.”

“ಕೂರ್ತೇನೆ ಮಗಾ. ದಿಂಬು ಉಂಟಲ್ಲ” ಎಂದ ಜತ್ತಪ್ಪ.

ಕಾರು ಕಲಂದರನದ್ದು, ಓಡಿಸುವವನೂ ಅವನೇ. ಅವನ ಪಕ್ಕದಲ್ಲಿ ಪ್ರೇಮಾವತಿಯ ಅಣ್ಣ ಶ್ಯಾಮ. ಜಗತ್ತಿನ ಎಲ್ಲ ಕ್ರಮಗಳೂ ತನಗೊಬ್ಬನಿಗೇ ಗೊತ್ತು ಎಂಬಂತೆ ಬದುಕುವ ಮನುಷ್ಯ. ಹಿಂದಿನ ಸೀಟಿನಲ್ಲಿ ಪ್ರೇಮಾವತಿ, ಪಕ್ಕದಲ್ಲಿ ಜತ್ತಪ್ಪ, ಅವನ ಅಡಿಯಲ್ಲಿ ದಿಂಬು, ದಿಂಬಿನ ಮೇಲೆ ಶಾಲು.

ಕಲಂದರನಲ್ಲಿ ಒಂದು ಒಳ್ಳೆಯ ಗುಣವಿತ್ತು. ರಸ್ತೆಯಲ್ಲಿ ಹಂಪ್ ಬಂದರೆ ತಪ್ಪದೆ ಹೇಳುತ್ತಿದ್ದ. ಆದರೆ ದಾಟಿದ ಮೇಲೆ ಹೇಳುತ್ತಿದ್ದ. “ಹಂಪ್ ಉಂಟು ಜತ್ತಪ್ಪಣ್ಣ, ಹಿಡ್ಕೊಳ್ಳಿ” ಎನ್ನುವಷ್ಟರಲ್ಲಿ ಜತ್ತಪ್ಪ ತಲೆಯನ್ನು ಕಾರಿನ ಮಾಡಿಗೆ ಕುಟ್ಟಿಸಿಕೊಂಡು ವಾಪಸ್ ಬಂದಿರುತ್ತಿದ್ದ. ಬೆಳ್ಳಾರೆ ದಾಟುವಾಗ ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

“ಭಾವ, ಒಂದು ವಿಷಯ” ಎಂದು ಶ್ಯಾಮ ತಿರುಗಿದ. “ಆ ಮನೆಯಲ್ಲಿ ಒಂದು ಕ್ರಮ ಉಂಟು. ಅಜ್ಜನ ಕಾಲದ್ದು. ಜಗಲಿಯಲ್ಲಿ ಎದುರೆದುರು ಎರಡು ಮಣೆ ಇಡ್ತಾರೆ. ಒಂದರಲ್ಲಿ ಹೆಣ್ಣಿನ ಅಪ್ಪ, ಇನ್ನೊಂದರಲ್ಲಿ ಗಂಡಿನ ಅಪ್ಪ. ಚಕ್ಕಳಮಕ್ಕಳ ಹಾಕಿ ಕೂತು ಬೆಲ್ಲ ನೀರು ಕುಡಿದ್ರೆ ಸಂಬಂಧ ಆಯ್ತು. ಕೂರದೆ ನಿಂತ್ರೆ ಇಷ್ಟ ಇಲ್ಲ ಅಂತ ಅರ್ಥ. ಮತ್ತೆ ಮಾತೇ ಇಲ್ಲ.”

“ಮಣೆ ಅಂದ್ರೆ... ಮರದ್ದಾ?”

“ಮತ್ತೆಂತ, ಹತ್ತಿಯದ್ದಾ? ಹಲಸಿನ ಮರದ್ದು ಭಾವ. ಕಬ್ಬಿಣದ ಹಾಗೆ ಉಂಟು.”

ಜತ್ತಪ್ಪ ಪ್ರೇಮಾವತಿಯನ್ನು ನೋಡಿದ. ಅವಳು ಕಣ್ಣಲ್ಲೇ ಧೈರ್ಯ ಹೇಳಿದಳು. ಉಪಾಯ ಮೊದಲೇ ಆಗಿತ್ತು: ಕೂರುವ ಹೊತ್ತಿಗೆ ಸರಿಯಾಗಿ ಅವಳು ‘ಇವರಿಗೆ ಸ್ವಲ್ಪ ಬೆನ್ನುನೋವು’ ಎನ್ನುತ್ತ ಶಾಲು ಸುತ್ತಿದ ದಿಂಬನ್ನು ಕೆಳಗೆ ಜಾರಿಸಬೇಕು. ಪುತ್ತೂರು ದಾಟಿ ಕಬಕ ಬರುವಾಗ ಜತ್ತಪ್ಪ ದಿಂಬನ್ನು ಮೆಲ್ಲನೆ ತೆಗೆದು ಹಳದಿ ಚೀಲಕ್ಕೆ ಹಾಕಿ, ಶಾಲನ್ನು ಹೆಗಲಿಗೆ ಹಾಕಿಕೊಂಡ.

ಅಂಗಳದಲ್ಲಿ ಕಾರು ನಿಂತಿತು. ಜತ್ತಪ್ಪ ಒಂದೊಂದೇ ಕಾಲು ಹೊರಗಿಟ್ಟು, ಉಸಿರು ಹಿಡಿದು, ಬಾಗಿಲು ಹಿಡಿದು ನೆಟ್ಟಗಾಗುವಷ್ಟರಲ್ಲಿ ಶ್ಯಾಮ ಸೀಟಿನಿಂದ ಒಂದು ಚೀಲ ಎಳೆದುಕೊಂಡು ಮೆಟ್ಟಿಲು ಹತ್ತಿಯೂ ಆಗಿತ್ತು.

“ಬರಿಗೈಯಲ್ಲಿ ಒಳಗೆ ಹೋಗ್ಬಾರ್ದು ನೋಡಿ” ಎನ್ನುತ್ತ ಅವನು ಚೀಲವನ್ನು ಮೋಕ್ಷಿತನ ಅಮ್ಮನ ಕೈಗೆ ಕೊಟ್ಟ. ಆ ತಾಯಿ ಕಣ್ಣಿಗೊತ್ತಿಕೊಂಡು ಅದನ್ನು ಒಳಗೆ ದೇವರಕೋಣೆಗೆ ಒಯ್ದಳು. ಪ್ರೇಮಾವತಿ ಸೀಟಿನಲ್ಲಿ ಉಳಿದ ಚೀಲಕ್ಕೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಮೂಸಂಬಿ.

“ಅಯ್ಯೋ ದೇವರೇ” ಎಂದಳು. ಆ ಚೀಲ ಕಾರಿನಲ್ಲೇ ಉಳಿಯಿತು. ಯಾಕೆಂದರೆ “ಟಯರಿಗೆ ಗಾಳಿ ಹಾಕಿಸಿ ಬರ್ತೇನೆ” ಎಂದು ಕಲಂದರ್ ಗೇರು ಹಾಕಿ, ಹಣ್ಣಿನ ಸಮೇತ ಜಂಕ್ಷನ್ನಿಗೆ ಹೊರಟೇಹೋದ.

ಜಗಲಿಯಲ್ಲಿ ಎರಡು ಮಣೆಗಳು ಎದುರೆದುರು ಹೊಳೆಯುತ್ತಿದ್ದವು. ಅವುಗಳ ಪಕ್ಕದಲ್ಲಿ ಹುಡುಗನ ಅಪ್ಪ ಹರಿಪ್ರಸಾದ್ ಗೌಡರು ನಿಂತಿದ್ದರು. ಮಿಲಿಟರಿಯಲ್ಲಿದ್ದು ಬಂದವರು. ದಪ್ಪ ಮೀಸೆ, ಬೆನ್ನ ಹಿಂದೆ ಕಟ್ಟಿದ ಕೈ, ಪರೇಡಿಗೆ ನಿಂತ ಹಾಗಿನ ನಿಲುವು. ನಗುವಿಲ್ಲ.

“ಬನ್ನಿ. ಕೂರಿ” ಎಂದರು.

“ನೀವು ಕೂರಿ” ಎಂದ ಜತ್ತಪ್ಪ.

“ಬಂದವರು ಮೊದಲು ಕೂರ್ಬೇಕು.”

“ಹಿರಿಯರು ನೀವು. ನೀವು ಕೂರದೆ ನಾನು ಹೇಗೆ ಕೂರುದು?”

“ಇಲ್ಲ, ನೀವೇ.”

“ಛೆ ಛೆ, ನೀವೇ.”

ಮೊದಮೊದಲು ಅದು ಮರ್ಯಾದೆಯೆಂದೇ ಎಲ್ಲರಿಗೂ ಕಂಡಿತು. ಸ್ವಲ್ಪ ಹೊತ್ತಿನಲ್ಲಿ ಮರ್ಯಾದೆ ಮುಗಿಯಿತು, ನಿಲ್ಲುವುದು ಮುಗಿಯಲಿಲ್ಲ. ಬೆಲ್ಲ ನೀರಿನ ತಂಬಿಗೆ ಹಿಡಿದು ಬಂದ ಮೋಕ್ಷಿತ್, ಯಾರಿಗೆ ಕೊಡುವುದೆಂದು ತಿಳಿಯದೆ ಅಪ್ಪನನ್ನೊಮ್ಮೆ, ಆಗಬೇಕಾದ ಮಾವನನ್ನೊಮ್ಮೆ ನೋಡುತ್ತ ನಿಂತ.

ಜತ್ತಪ್ಪ ಮಾತು ಎಳೆದು ನೋಡಿದ. ಅಂಗಳದ ದಾಸವಾಳವನ್ನು ಹೊಗಳಿದ. ಮಾಡಿನ ಹಂಚಿನ ಬಗ್ಗೆ ಕೇಳಿದ. ಬಾವಿಗೆ ಎಷ್ಟು ರಿಂಗು ಎಂದು ಕೇಳಿದ. ಹರಿಪ್ರಸಾದರು ಒಂದೊಂದು ಶಬ್ದದಲ್ಲಿ ಉತ್ತರ ಕೊಟ್ಟರು, ಅದೂ ಹಲ್ಲು ಕಚ್ಚಿಕೊಂಡು. ‘ಕೋಪ ಬಂದಿದೆ ಮನುಷ್ಯನಿಗೆ’ ಎಂದುಕೊಂಡ ಜತ್ತಪ್ಪ. ಅಷ್ಟರಲ್ಲಿ ಕಿಸೆಯ ಮೊಬೈಲು ಗುರ್ರೆಂದಿತು. ಭವಿತಾಳ ಮೆಸೇಜು: ‘ಅಪ್ಪ, ಕೂತ್ರಾ?’

“ನೋಡಿದ್ರಾ ಅಹಂಕಾರ!” ಶ್ಯಾಮ ಕಿವಿಯಲ್ಲಿ ಪಿಸುಗುಟ್ಟಿದ. “ಟೈಲರನ ಎದುರು ಕೂತ್ರೆ ಮಿಲಿಟರಿಯವನ ಮರ್ಯಾದೆ ಹೋಗ್ತದಾ? ನೀವೂ ಕೂರ್ಬೇಡಿ ಭಾವ. ಅವರೇ ಮೊದಲು ಕೂರ್ಲಿ.”

ಒಳಬಾಗಿಲಿನಲ್ಲಿ ಮೋಕ್ಷಿತನ ಅಮ್ಮನೂ ಯಾರಿಗೋ ಹೇಳುತ್ತಿದ್ದಳು: “ನಮ್ಮ ಮನೆ ಮಣೆ ಅವರಿಗೆ ಆಗುದಿಲ್ಲ ಅಂತ ಕಾಣ್ತದೆ.”

ಪ್ರೇಮಾವತಿ ಎರಡು ಸಲ ದೇವರಕೋಣೆಯ ಕಡೆಗೆ ಹೋಗಲು ನೋಡಿದಳು. ಎರಡು ಸಲವೂ “ನೀವು ಕೂರಿ ಅಕ್ಕ, ಕೆಲಸ ಎಂತದ್ದು ನಿಮಗೆ!” ಎಂದು ಯಾರೋ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಕೂರುವ ಭಾಗ್ಯ ಮನೆಯಲ್ಲಿ ಬೇಡದವರಿಗೆಲ್ಲ ಸಿಗುತ್ತಿತ್ತು.

ಕೊನೆಗೆ ಶ್ಯಾಮ ಹೆಗಲ ಟವೆಲು ಕೊಡವಿ ಹೊರಡಲು ತಿರುಗಿಯೇಬಿಟ್ಟ. ಜಗಲಿಗೆಲ್ಲ ಕೇಳುವಂತೆ ಹೇಳಿದ: “ಹೋಗುವ ಭಾವ. ಋಣ ಇಲ್ಲದ ಕಡೆ ನಿಂತು ಪ್ರಯೋಜನ ಇಲ್ಲ.”

ಮೋಕ್ಷಿತನ ಮುಖ ಬಿಳಚಿಕೊಂಡಿತು. ಜತ್ತಪ್ಪನಿಗೆ ಅಡುಗೆಮನೆಯಲ್ಲಿ ನಿಂತ ಮಗಳ ಮುಖ ಕಣ್ಣಿಗೆ ಕಟ್ಟಿತು. ಎರಡು ಸಂಬಂಧ ತಪ್ಪಿದಾಗಲೂ ಅವಳು ಸೀರೆ ಮಡಚಿ ಕಪಾಟಿನಲ್ಲಿಟ್ಟಿದ್ದಳು. ಆ ಸೀರೆಯ ರವಿಕೆ ಹೊಲಿದದ್ದು ಇವನೇ. ‘ಸತ್ತರೆ ಸಾಯ್ತೇನೆ, ಕೂತುಬಿಡುವ’ ಎಂದು ನಿಶ್ಚಯಿಸಿದ. ಎಡಗಾಲು ಮುಂದಿಟ್ಟ. ಮೊಣಕಾಲು ಸ್ವಲ್ಪ ಬಗ್ಗಿಸಿದ. ಹಿಂದಿನಿಂದ ಮಿಂಚೊಂದು ಹೊರಟು ನೆತ್ತಿಗೆ ಹೊಡೆಯಿತು.

“ಅಮ್ಮ, ಇದೆಂತ? ಹಣ್ಣಂತ ಬಟ್ಟಲಿಗೆ ಹಾಕ್ಲಿಕ್ಕೆ ನೋಡಿದ್ರೆ...”

ಒಳಗಿನಿಂದ ಮೋಕ್ಷಿತನ ತಂಗಿ ಪ್ರೀತಿಕಾ ಬಂದಳು. ಅವಳ ಕೈಯ ಹರಿವಾಣದಲ್ಲಿ, ವೀಳ್ಯದೆಲೆ ಅಡಿಕೆಯ ನಡುವೆ, ಕೆಂಪು ಮಖಮಲ್ಲಿನ ದಿಂಬು ಉತ್ಸವಮೂರ್ತಿಯ ಹಾಗೆ ಕೂತಿತ್ತು. ಬಂಗಾರದ ಲೇಸು ಮಿಣಮಿಣ ಎನ್ನುತ್ತಿತ್ತು.

ಅರ್ಧ ಬಗ್ಗಿದ ಜತ್ತಪ್ಪ ಬಗ್ಗಿದಲ್ಲಿಯೇ ಉಳಿದ. ಪ್ರೇಮಾವತಿ ಕಣ್ಣು ಮುಚ್ಚಿಕೊಂಡಳು.

ಹರಿಪ್ರಸಾದರು ಮೆಲ್ಲಗೆ ನಡೆದು ಬಂದು ದಿಂಬನ್ನು ಎತ್ತಿಕೊಂಡರು. ಒತ್ತಿ ನೋಡಿದರು. ನಡುವಿನ ತೂತಿಗೆ ಬೆರಳು ಹಾಕಿ ನೋಡಿದರು. ಅವರ ಮೀಸೆ ಅದುರಿತು.

“ಇದು... ನಿಮಗೆ ಯಾರು ಹೇಳಿದ್ದು?”

ಶ್ಯಾಮನಿಗೆ ಆ ದಿಂಬು ಏನು, ಯಾಕೆ ಎಂಬುದೊಂದೂ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ಅವನು ಸುಮ್ಮನಿದ್ದದ್ದೂ ಇಲ್ಲ. “ಸಂಬಂಧ ಮಾಡುವ ಮೊದಲು ಎಲ್ಲ ವಿಚಾರಿಸುದು ನಮ್ಮ ಕ್ರಮ” ಎಂದುಬಿಟ್ಟ, ಎದೆ ಉಬ್ಬಿಸಿ.

ಹರಿಪ್ರಸಾದರ ಕಣ್ಣಲ್ಲಿ ನೀರು ಬಂತು.

“ಕೇಳಿ ಎಲ್ಲರೂ” ಎಂದರು. “ನನಗೆ ಮಂಗಳೂರಲ್ಲಿ ಫಿಶರ್ ಆಪರೇಶನ್ ಆಗಿ ಒಂದು ತಿಂಗಳು ಕಳೀತು. ಇನ್ನೂ ಕೂರ್ಲಿಕ್ಕೆ ಆಗುದಿಲ್ಲ. ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ನಾಚಿಕೆ ಮಾರಾಯ್ರೆ. ಮಿಲಿಟರಿಯವನಲ್ವಾ, ನಿಂತೇ ಅಭ್ಯಾಸ ಅಂತ ಜನ ತಿಳ್ಕೊಂಡ್ರು. ಇವತ್ತು ಈ ಮಣೆಯಿಂದಾಗಿ ಮಗನ ಸಂಬಂಧ ತಪ್ಪಿಹೋಗ್ತದೆ ಅಂತ ಬೆಳಿಗ್ಗಿಂದ ಜೀವ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೇನೆ. ಇವರು ನೋಡಿ! ಒಂದು ಮಾತು ಕೇಳದೆ, ನಾಲ್ಕು ಜನರ ಎದುರು ನನ್ನ ಮಾನ ತೆಗೆಯದೆ, ಮಖಮಲ್ಲು ಹೊದಿಸಿ ಹಣ್ಣಿನ ಚೀಲದಲ್ಲಿ ತಂದಿದ್ದಾರೆ. ನಾನು ಕೂತ ಮೇಲೆಯೇ ಕೂರುದು ಅಂತ ಇಷ್ಟು ಹೊತ್ತು ನಿಂತಿದ್ದಾರೆ.”

“ಅದು, ನೋಡಿ, ನಿಜವಾಗಿ ಆ ದಿಂಬು...” ಎಂದು ಜತ್ತಪ್ಪ ಶುರು ಮಾಡಿದ.

“ನೀವು ಮಾತಾಡ್ಬೇಡಿ!” ಹರಿಪ್ರಸಾದರು ಅವನ ಎರಡೂ ಕೈ ಹಿಡಿದರು. “ನೋವು ಉಂಡವನಿಗೆ ಇನ್ನೊಬ್ಬನ ನೋವು ಅರ್ಥ ಆಗುದು ದೊಡ್ಡ ವಿಷಯ ಅಲ್ಲ. ಗಟ್ಟಿಮುಟ್ಟಾಗಿರುವ ನಿಮಗೆ ಅರ್ಥ ಆಯ್ತಲ್ಲ, ಅದು ಮನುಷ್ಯತ್ವ. ಇಂಥ ಮನೆಯ ಮಗಳನ್ನು ಬಿಟ್ರೆ ನಾನು ಮೂರ್ಖ.”

ಇಷ್ಟಾದ ಮೇಲೆ ಯಾವ ಮನುಷ್ಯ ಬಾಯಿ ತೆರೆದಾನು? ಜತ್ತಪ್ಪ ತೆರೆದ ಬಾಯಿಯನ್ನು ಮುಚ್ಚಿದ.

ದಿಂಬು ಹರಿಪ್ರಸಾದರ ಮಣೆಯ ಮೇಲೆ ಹೋಯಿತು. ಅವರು ಮೆಲ್ಲನೆ ಬಗ್ಗಿ, ಕೂತು, ಚಕ್ಕಳಮಕ್ಕಳ ಹಾಕಿ, “ಹಾ...” ಎಂದು ಒಂದು ಉಸಿರು ಬಿಟ್ಟರು. ಆ ಉಸಿರಿನ ಸುಖ ಎಂಥದ್ದೆಂದು ಆ ಜಗಲಿಯಲ್ಲಿ ಜತ್ತಪ್ಪನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ.

“ಇನ್ನು ನೀವು ಕೂರಿ ಸಂಬಂಧಿಗಳೇ.”

ಎಲ್ಲರೂ ನೋಡುತ್ತಿದ್ದರು. ಮೋಕ್ಷಿತ್ ತಂಬಿಗೆ ಹಿಡಿದು ನಗುತ್ತಿದ್ದ. ಜತ್ತಪ್ಪ ಮನೆದೇವರನ್ನು ನೆನೆದು, ಕಬ್ಬಿಣದಂಥ ಹಲಸಿನ ಮಣೆಯ ಮೇಲೆ ಕೂತ.

ಅವನ ಕಣ್ಣಿಂದ ನೀರು ದಳದಳನೆ ಇಳಿಯಿತು.

“ಪಾಪ, ಮಗಳ ಮೇಲೆ ಎಷ್ಟು ಪ್ರೀತಿ ನೋಡಿ” ಎಂದು ಮೋಕ್ಷಿತನ ಅಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪ್ರೇಮಾವತಿಯೂ ಅತ್ತಳು, ಅವಳು ಅತ್ತದ್ದು ನಿಜವಾದ ಕಾರಣಕ್ಕೆ. ಬೆಲ್ಲ ನೀರು ಕುಡಿದು ಏಳಬಹುದೆಂದು ಜತ್ತಪ್ಪ ಲೆಕ್ಕ ಹಾಕಿದ್ದ. ಆದರೆ ಹರಿಪ್ರಸಾದರಿಗೆ ಕೂತ ಸುಖ ಹೊಸತು. ಕಾಶ್ಮೀರದ ಹಿಮದಿಂದ ಹಿಡಿದು ಪೆನ್ಶನಿನವರೆಗೆ ಅವರು ಕತೆ ಹೇಳಿದರು. ಆಮೇಲೆ ಊಟವೂ ಮಣೆಯಲ್ಲೇ ಆಯಿತು. ಎಲೆಯ ತುಂಬ ಕೋಳಿ ಸುಕ್ಕ ಬಿತ್ತು, ಬೆಂಕಿಯಂಥ ಖಾರ. ಸಂಬಂಧಿಕರ ಮನೆಯ ಮೊದಲ ಊಟ, ಬೇಡ ಎನ್ನುವ ಹಾಗಿಲ್ಲ. ಜತ್ತಪ್ಪ ಒಂದೊಂದು ತುಂಡು ನುಂಗುವಾಗಲೂ ನಾಳೆ ಬೆಳಿಗ್ಗೆಯನ್ನು ನೆನೆದ.

ಹೊರಡುವಾಗ ಹರಿಪ್ರಸಾದರು ದಿಂಬನ್ನು ಕಂಕುಳಲ್ಲಿಟ್ಟುಕೊಂಡೇ ಅಂಗಳಕ್ಕೆ ಇಳಿದರು. ಇನ್ನೊಂದು ಕೈಯಲ್ಲಿ ಹಲಸಿನ ಮಣೆ.

“ನಿಮ್ಮ ಉಡುಗೊರೆಗೆ ಸಮನಾದದ್ದು ನಮ್ಮಲ್ಲಿ ಇದೊಂದೇ. ತಗೊಂಡು ಹೋಗಿ. ಧಾರೆಯ ದಿನ ನೀವು ಇದರಲ್ಲೇ ಕೂರ್ಬೇಕು, ಬೇರೆ ಕುರ್ಚಿ ಗಿರ್ಚಿ ಇಡ್ಲಿಕ್ಕೆ ನಾನು ಬಿಡುದಿಲ್ಲ.”

ಕಾರಿನ ಹಿಂದಿನ ಸೀಟಿನಲ್ಲಿ ಜತ್ತಪ್ಪ ಒಂದು ಬದಿಗೆ ವಾಲಿ, ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪಕ್ಕದಲ್ಲಿ ಹಣ್ಣಿನ ಚೀಲ ಕೊಡುವವರಿಲ್ಲದೆ ಹಾಗೆಯೇ ಇತ್ತು. ಮೊಬೈಲು ಹಾಡಿತು.

“ಅಪ್ಪ, ಕೂತ್ರಾ?” ಭವಿತಾಳ ಸ್ವರದಲ್ಲಿ ಆಗಲೇ ನಗುವಿತ್ತು. ಮೋಕ್ಷಿತ್ ಮೊದಲೇ ಫೋನು ಮಾಡಿದ್ದನೆಂದು ಕಾಣುತ್ತದೆ.

“ಕೂತೆ ಮಗಾ” ಎಂದ ಜತ್ತಪ್ಪ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

“ನೋವಾಯ್ತಾ?”

ಅವನು ಉತ್ತರ ಕೊಡುವ ಮೊದಲೇ ಕಾರು ಒಮ್ಮೆ ಆಕಾಶಕ್ಕೆ ಹಾರಿ ನೆಲಕ್ಕೆ ಬಿತ್ತು.

“ಹಂಪ್ ಉಂಟು ಜತ್ತಪ್ಪಣ್ಣ, ಹಿಡ್ಕೊಳ್ಳಿ” ಎಂದ ಕಲಂದರ್.